ಪದವಿಗೂ ಪೌರತ್ವಕ್ಕೂ ನಡುವಿನ ಕಾಲು ಶತಮಾನ: ದಲೀಪ್ ಸಿಂಗ್ ಸೌಂದ್

ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ಮತ್ತು ಇಂಪೀರಿಯಲ್ ಕೌಂಟಿಗಳನ್ನೊಳಗೊಂಡ ಕ್ಷೇತ್ರದಿಂದ 1956ರಲ್ಲಿ ಅಮೆರಿಕದ ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾದ ದಲೀಪ್ ಸಿಂಗ್ ಸೌಂದ್, ಮತ ಚಲಾಯಿಸುವ ಅಧಿಕಾರವುಳ್ಳ ಸದಸ್ಯರಾಗಿ ಆ ಸಭೆಯನ್ನು ಸೇರಿದ ಮೊದಲ ಏಷ್ಯಾ ಮೂಲದವರು. ಅವರ ಹೆಸರು ಬಂದಾಗಲೆಲ್ಲ ಈ ಒಂದು ಗೆಲುವನ್ನೇ ಎತ್ತಿ ಹೇಳುವುದು ರೂಢಿಯಾಗಿದೆ. ಆದರೆ ಹೊರನಾಡಿನಲ್ಲಿ ಓದಲು ಬಂದವರು ಅವರ ಬದುಕಿನಲ್ಲಿ ನಿಧಾನಿಸಿ ನೋಡಬೇಕಾದದ್ದು 1924ರಲ್ಲಿ ದೊರೆತ ಡಾಕ್ಟರೇಟ್ ಪದವಿಗೂ 1949ರಲ್ಲಿ ದೊರೆತ ಪೌರತ್ವಕ್ಕೂ ನಡುವಿನ ಇಪ್ಪತ್ತೈದು ವರ್ಷಗಳನ್ನು. ಏಕೆಂದರೆ ಯಾವ ಹಕ್ಕೂ ಇಲ್ಲದ ಆ ಅವಧಿಯಲ್ಲೇ ಅವರ ಸಾರ್ವಜನಿಕ ಸೇವೆ ರೂಪುಗೊಂಡಿತು.

ಅಮೃತಸರ ಜಿಲ್ಲೆಯ ಛಜ್ಜಲವಾಡಿಯಲ್ಲಿ 1899ರಲ್ಲಿ ಹುಟ್ಟಿದ ಸೌಂದ್, ಪಂಜಾಬ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಪದವಿ ಪಡೆದು, 1920ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಬಂದರು. ಹಣ್ಣುಹಂಪಲುಗಳನ್ನು ಕೆಡದಂತೆ ಡಬ್ಬಿಗಳಲ್ಲಿ ತುಂಬಿಡುವ ವಿದ್ಯೆಯನ್ನು ಕಲಿತು ಊರಿಗೆ ಮರಳಿ ಉದ್ಯಮ ಹೂಡುವುದು ಅವರ ಮೊದಲ ಉದ್ದೇಶವಾಗಿತ್ತು. ಕ್ರಮೇಣ ಮನಸ್ಸು ಗಣಿತದತ್ತಲೇ ತಿರುಗಿ, ಅದರಲ್ಲೇ 1922ರಲ್ಲಿ ಸ್ನಾತಕೋತ್ತರ ಪದವಿಯನ್ನೂ ಎರಡು ವರ್ಷಗಳ ತರುವಾಯ ಡಾಕ್ಟರೇಟನ್ನೂ ಪಡೆದರು. 1917ರ ವಲಸೆ ಕಾಯಿದೆಯು ಭಾರತವೂ ಸೇರಿದಂತೆ ಏಷ್ಯಾದ ಬಹುಭಾಗವನ್ನು ‘ನಿಷೇಧಿತ ವಲಯ’ವೆಂದು ಗುರುತಿಸಿ ಅಲ್ಲಿನ ಕಾರ್ಮಿಕರಿಗೆ ಬಾಗಿಲು ಮುಚ್ಚಿದ್ದರೂ ವಿದ್ಯಾರ್ಥಿಗಳಿಗೆ ವಿನಾಯಿತಿಯಿತ್ತು, ಆ ಕಿರುದಾರಿಯಲ್ಲೇ ಅವರು ಒಳಗೆ ಬಂದದ್ದು.

ಬರ್ಕ್ಲಿಯಲ್ಲಿ ಅವರಿಗೆ ಆಸರೆಯಾದದ್ದು ಸ್ಟಾಕ್ಟನ್ ಗುರುದ್ವಾರದವರು ಭಾರತೀಯ ವಿದ್ಯಾರ್ಥಿಗಳಿಗಾಗಿ ಬಾಡಿಗೆಯಿಲ್ಲದೆ ನಡೆಸುತ್ತಿದ್ದ ವಸತಿಗೃಹ. ಆ ಗುರುದ್ವಾರವನ್ನು ಕಟ್ಟಿ ನಿಲ್ಲಿಸಿದವರಲ್ಲಿ ಹೆಚ್ಚಿನವರು ಸೆಂಟ್ರಲ್ ಕಣಿವೆಯ ಹೊಲಗಳಲ್ಲಿ ಬೆವರು ಸುರಿಸುತ್ತಿದ್ದ ಪಂಜಾಬಿ ಕೂಲಿಗಳು ಮತ್ತು ಗೇಣಿದಾರರು. ಅವರ ಪೈಕಿ ಆಲೂಗಡ್ಡೆ ಬೆಳೆದು ಹಣ ಗಳಿಸಿದ ಜ್ವಾಲಾ ಸಿಂಗ್ 1912ರಷ್ಟು ಹಿಂದೆಯೇ ಭಾರತದಿಂದ ವಿದ್ಯಾರ್ಥಿಗಳನ್ನು ಕರೆಸಿಕೊಳ್ಳಲು ವಿದ್ಯಾರ್ಥಿವೇತನವನ್ನು ಸ್ಥಾಪಿಸಿದ್ದರು. ಸ್ವತಃ ಕಾಲೇಜಿನ ಮೆಟ್ಟಿಲು ಹತ್ತದ ದುಡಿಮೆಗಾರರು, ತಮಗೆ ಬಂಧುಗಳಲ್ಲದ ಯುವಕರ ಓದಿಗೆ ತಮ್ಮ ಕೂಲಿಯಲ್ಲಿ ಪಾಲು ಎತ್ತಿಟ್ಟರೆಂಬುದು ಹೊರನಾಡ ಭಾರತೀಯರ ಇತಿಹಾಸದಲ್ಲಿ ಅತ್ಯಂತ ಉದಾತ್ತವಾದ ಸಂಗತಿಗಳಲ್ಲೊಂದು, ಮತ್ತು ಅದಕ್ಕೆ ಸಲ್ಲಬೇಕಾದಷ್ಟು ಗೌರವ ಇನ್ನೂ ಸಂದಿಲ್ಲ. ಸಮಾಜಸೇವೆಯೆಂದರೆ ಓದು ಮುಗಿಸಿ ನೆಲೆಗೊಂಡವರು ಆಮೇಲೆ ಹಿಂದಿರುಗಿಸುವ ಋಣವೆಂಬ ಎಣಿಕೆ ಸಾಮಾನ್ಯವಾಗಿದೆ. ಸೌಂದ್ ಅವರ ವಿಷಯದಲ್ಲಾದರೋ ಆ ಸೇವೆ ಅವರ ಓದಿಗಿಂತ ಮೊದಲೇ ಅಲ್ಲಿ ನಡೆಯುತ್ತಿತ್ತು, ಅವರು ಅದರ ಫಲಾನುಭವಿಯಾಗಿ ಅದರೊಳಕ್ಕೆ ಬಂದರು.

ಓದು ಮುಗಿಯುವ ಮುನ್ನವೇ ನೆಲ ಕುಸಿಯಿತು. ಭಗತ್ ಸಿಂಗ್ ಥಿಂಡ್ ಅವರ ಪ್ರಕರಣದಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1923ರಲ್ಲಿ ನೀಡಿದ ತೀರ್ಪು, ಪೌರತ್ವ ಕಾಯಿದೆಯಲ್ಲಿದ್ದ ‘ಬಿಳಿಯ ವ್ಯಕ್ತಿ’ ಎಂಬ ಷರತ್ತನ್ನು ಜನಸಾಮಾನ್ಯರ ತಿಳಿವಳಿಕೆಯ ಅರ್ಥದಲ್ಲೇ ಓದಬೇಕೆಂದು ಹೇಳಿ ಭಾರತೀಯರನ್ನು ಪೌರತ್ವದಿಂದ ಹೊರಗಿಟ್ಟಿತು. ಪೌರತ್ವಕ್ಕೆ ಅನರ್ಹರಾದವರು ಜಮೀನು ಹೊಂದಬಾರದೆಂದು ಕ್ಯಾಲಿಫೋರ್ನಿಯಾದ ಭೂಕಾಯಿದೆ ಮೊದಲೇ ವಿಧಿಸಿದ್ದರಿಂದ ಸ್ವಂತ ಜಮೀನಿನಲ್ಲಿ ಬೇಸಾಯ ಮಾಡುವ ದಾರಿಯೂ ಮುಚ್ಚಿತು. ಗಣಿತದ ಡಾಕ್ಟರ್ ಇಂಪೀರಿಯಲ್ ಕಣಿವೆಗೆ ಹೋಗಿ ಹತ್ತಿ ಬಿಡಿಸುವ ಆಳುಗಳ ಮೇಸ್ತ್ರಿಯಾದರು, ಬಳಿಕ ಲೆಟಿಸ್ ಸೊಪ್ಪನ್ನು ಬೆಳೆದರು, ಮಹಾ ಆರ್ಥಿಕ ಕುಸಿತದಲ್ಲಿ ನಷ್ಟ ತಲೆಯ ಮೇಲೆ ಬಿದ್ದಾಗ ದಿವಾಳಿ ಘೋಷಿಸದೆ ವರ್ಷಗಟ್ಟಲೆ ದುಡಿದು ಸಾಲ ತೀರಿಸಿದರು. 1928ರಲ್ಲಿ ಅವರನ್ನು ವರಿಸಿದ ಮೇರಿಯನ್ ಕೋಸಾ, ಅಮೆರಿಕದ ಪ್ರಜೆಯಾಗಿದ್ದೂ, ಅನರ್ಹ ವಿದೇಶೀಯನನ್ನು ಮದುವೆಯಾದ ಕಾರಣಕ್ಕೆ ತಮ್ಮ ಪೌರತ್ವವನ್ನೇ ಕಳೆದುಕೊಳ್ಳಬೇಕಾಯಿತು.

ಇಷ್ಟಾದರೂ ವಿಶ್ವವಿದ್ಯಾಲಯದ ಶಿಕ್ಷಣ ವ್ಯರ್ಥವಾಯಿತೆನ್ನುವುದು ಸರಿಯಲ್ಲ. ವಿದ್ಯಾರ್ಥಿ ಸಂಘದಲ್ಲಿ ಭಾರತದ ಸ್ವಾತಂತ್ರ್ಯದ ಪರವಾಗಿ ಮಾತನಾಡುತ್ತ ಬೆಳೆದ ವಾದಕೌಶಲವು ಕಣಿವೆಯ ಚರ್ಚುಗಳಲ್ಲಿ, ಕ್ಲಬ್ಬುಗಳಲ್ಲಿ, ಊರಿನ ಸಭೆಗಳಲ್ಲಿ ಕೆಲಸಕ್ಕೆ ಬಂದಿತು. ಕ್ಯಾಥರೀನ್ ಮೇಯೊ 1927ರಲ್ಲಿ ಭಾರತವನ್ನು ಹೀಗಳೆದು ಬರೆದ ಪುಸ್ತಕಕ್ಕೆ ಉತ್ತರವಾಗಿ, ಸ್ಟಾಕ್ಟನ್‌ನವರ ಕೋರಿಕೆಯಂತೆ, 1930ರಲ್ಲಿ ‘ಮೈ ಮದರ್ ಇಂಡಿಯಾ’ ಎಂಬ ಗ್ರಂಥವನ್ನು ಅವರು ಹೊರತಂದರು. ವಸತಿ ಕೊಟ್ಟವರು ಗ್ರಂಥವನ್ನು ಕೇಳಿದರು, ವಿದ್ಯಾರ್ಥಿ ಅದನ್ನು ಬರೆದುಕೊಟ್ಟ; ವಿದ್ಯೆಗೂ ಸಮುದಾಯಕ್ಕೂ ಇರಬೇಕಾದ ಸಂಬಂಧದ ನೇರವಾದ ರೂಪವಿದು.

1942ರಲ್ಲಿ ಇಂಡಿಯಾ ಅಸೋಸಿಯೇಷನ್ ಆಫ್ ಅಮೆರಿಕ ಸ್ಥಾಪನೆಯಾದಾಗ ಸೌಂದ್ ಅದರ ಅಧ್ಯಕ್ಷರಾದರು. ಭಾರತೀಯರಿಗೆ ಪೌರತ್ವ ಕೊಡಿಸುವ ಹೋರಾಟ ಅವರೊಬ್ಬರದೇ ಆಗಿರಲಿಲ್ಲ, ನ್ಯೂಯಾರ್ಕಿನಲ್ಲಿ ಜೆ. ಜೆ. ಸಿಂಗ್ ಮೊದಲಾದವರೂ ಅದಕ್ಕಾಗಿ ಶ್ರಮಿಸಿದರೆಂಬುದನ್ನು ಮರೆಯಲಾಗದು. ಆದರೆ ಪಶ್ಚಿಮ ಕರಾವಳಿಯ ರೈತರ ಬೆಂಬಲವನ್ನೂ ವಂತಿಗೆಯನ್ನೂ ಒಗ್ಗೂಡಿಸಿದ ಕೆಲಸದಲ್ಲಿ ಅವರ ಪಾಲು ದೊಡ್ಡದು. 1946ರ ಜುಲೈ 2ರಂದು ಅಧ್ಯಕ್ಷ ಟ್ರೂಮನ್ ಸಹಿ ಹಾಕಿದ ಲ್ಯೂಸ್-ಸೆಲ್ಲರ್ ಕಾಯಿದೆ ಭಾರತೀಯರಿಗೆ ಪೌರತ್ವದ ಅರ್ಹತೆಯನ್ನೂ ವರ್ಷಕ್ಕೆ 100 ಮಂದಿಯ ವಲಸೆಯ ಮಿತಿಯನ್ನೂ ನೀಡಿತು. 1949ರ ಡಿಸೆಂಬರಿನಲ್ಲಿ ಪ್ರಜೆಯಾದ ಸೌಂದ್ ಮರುವರ್ಷವೇ ವೆಸ್ಟ್‌ಮೋರ್‌ಲೆಂಡ್ ಎಂಬ ಸಣ್ಣ ಪಟ್ಟಣದಲ್ಲಿ ‘ಜಸ್ಟಿಸ್ ಆಫ್ ದಿ ಪೀಸ್’, ಅಂದರೆ ಚಿಕ್ಕಪುಟ್ಟ ವ್ಯಾಜ್ಯ ಮತ್ತು ಅಪರಾಧಗಳನ್ನು ವಿಚಾರಿಸುವ ಚುನಾಯಿತ ನ್ಯಾಯಾಧೀಶ, ಸ್ಥಾನಕ್ಕೆ ಗೆದ್ದರೂ, ಪೌರತ್ವ ಪಡೆದು ಒಂದು ವರ್ಷ ತುಂಬಿರಲಿಲ್ಲವೆಂಬ ಕಾರಣದಿಂದ ಪದವಿ ಕೈತಪ್ಪಿತು. 1952ರಲ್ಲಿ ಮತ್ತೆ ಗೆದ್ದು ಅದನ್ನು ವಹಿಸಿಕೊಂಡರು. ನಾಲ್ಕು ವರ್ಷಗಳ ತರುವಾಯ ಪ್ರಸಿದ್ಧ ವಿಮಾನ ಚಾಲಕಿ ಜಾಕ್ವೆಲಿನ್ ಕಾಕ್ರನ್ ಅವರನ್ನು ಸೋಲಿಸಿ ವಾಷಿಂಗ್ಟನ್ ತಲುಪಿದಾಗ ಅವರಿಗೆ ಮತ ನೀಡಿದವರಲ್ಲಿ ಭಾರತೀಯರು ಬೆರಳೆಣಿಕೆಯಷ್ಟೇ. ಉಳಿದವರು ಮೂರು ದಶಕಗಳಿಂದ ಅವರನ್ನು ಹೊಲದಲ್ಲೂ ಸಭೆಗಳಲ್ಲೂ ಕಂಡಿದ್ದ ನೆರೆಹೊರೆಯವರು.

1962ರಲ್ಲಿ ಪಾರ್ಶ್ವವಾಯು ತಗುಲಿ ಅವರ ಸಾರ್ವಜನಿಕ ಜೀವನ ನಿಂತುಹೋಯಿತು. ಕರ್ನಾಟಕದಿಂದ ವೈದ್ಯರು, ಎಂಜಿನಿಯರುಗಳು, ಸಂಶೋಧನಾ ವಿದ್ಯಾರ್ಥಿಗಳು ಅಮೆರಿಕಕ್ಕೆ ಬಂದು, ನೆಲೆಸಿ, ಕನ್ನಡ ಕೂಟಗಳನ್ನು ಕಟ್ಟಿಕೊಳ್ಳಲು ಅವಕಾಶ ತೆರೆದ 1965ರ ವಲಸೆ ಕಾಯಿದೆ ಸದನಕ್ಕೆ ಬಂದಾಗ ಸೌಂದ್ ಅಲ್ಲಿರಲಿಲ್ಲ. ಆ ಮಸೂದೆಯನ್ನು ಮುನ್ನಡೆಸಿದವರಲ್ಲೊಬ್ಬರು, 1946ರ ಕಾಯಿದೆಗೂ ತಮ್ಮ ಹೆಸರನ್ನಿತ್ತಿದ್ದ ಅದೇ ಇಮ್ಯಾನುಯೆಲ್ ಸೆಲ್ಲರ್.