ಹಡಗೋ, ಬಸ್ಸೋ?

ಅಪ್ಪ ನಿವೃತ್ತರಾದ ಮೇಲೆ ಅಮ್ಮನ ಜೊತೆ ಒಮ್ಮೆ ಇಟಲಿ ನೋಡಿಬರಬೇಕೆಂದು ಮನೆಯಲ್ಲಿ ತೀರ್ಮಾನವಾಯಿತು. ಮೇಜಿನ ಮೇಲೆ ಎರಡು ಕರಪತ್ರಗಳು ಬಂದು ಕೂತವು. ಒಂದು ಏಳು ರಾತ್ರಿಗಳ ಕ್ರೂಸ್, ಇನ್ನೊಂದು ಗೈಡ್ ಜೊತೆಗಿನ ಬಸ್ ಪ್ರವಾಸ. "ಯಾವುದು ಒಳ್ಳೇದು, ನೋಡಿ ಹೇಳು" ಅಂದರು ಅಪ್ಪ. ನೀತಿಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿರುವ ಮಗಳನ್ನು ಯಾವುದು ಒಳ್ಳೆಯದೆಂದು ಕೇಳಬಾರದಿತ್ತು. ನಾನು ಉಪನ್ಯಾಸ ಶುರು ಮಾಡಿಯೇಬಿಟ್ಟೆ.

ವೆನಿಸ್‌ನಿಂದಲೇ ಆರಂಭಿಸಿದೆ. 2021ರ ಆಗಸ್ಟ್‌ನಿಂದ 25,000 ಟನ್ ಮೀರಿದ ಹಡಗುಗಳು ಸಾನ್ ಮಾರ್ಕೊ ಚೌಕದ ಮುಂದೆ ಹಾದುಹೋಗುವಂತಿಲ್ಲ. 1950ರ ದಶಕದ ಆರಂಭದಲ್ಲಿ ಹಳೆಯ ನಗರದಲ್ಲಿ ಸುಮಾರು 1.75 ಲಕ್ಷ ಜನ ವಾಸವಿದ್ದರು. ಈಗ 50,000 ಕೂಡ ಇಲ್ಲ. 2024ರಿಂದ ಆಯ್ದ ದಿನಗಳಲ್ಲಿ, ಹಗಲು ಬಂದು ಹೋಗುವವರಿಂದ ಪ್ರವೇಶ ಶುಲ್ಕ ವಸೂಲಿ ಮಾಡುತ್ತಾರೆ. ರಾತ್ರಿ ತಂಗುವವರಿಗೆ ಅದಿಲ್ಲ. ಹಡಗಿನವರು ಬೆಳಿಗ್ಗೆ ಇಳಿದು ಸಂಜೆ ಹತ್ತುತ್ತಾರೆ, ಉಣ್ಣುವುದು, ಮಲಗುವುದು ಎಲ್ಲ ಹಡಗಿನಲ್ಲೇ. ಊರಿಗೆ ಉಳಿಯುವುದು ಕಾಲ್ತುಳಿತ ಮಾತ್ರ. ಆದ್ದರಿಂದ ಬಸ್ಸೇ ಸರಿ ಅಂದೆ.

ಆಮೇಲೆ ಬಸ್ಸಿನ ಕರಪತ್ರವನ್ನು ಪೂರ್ತಿ ಓದಿದೆ. ಒಂಬತ್ತು ದಿನ, ಏಳು ಊರು. ಬೆಳಿಗ್ಗೆ ಆರಕ್ಕೆ ಸೂಟ್‌ಕೇಸು ಬಾಗಿಲ ಹೊರಗಿರಬೇಕು. ವೆನಿಸ್‌ಗೆ ನಾಲ್ಕು ಗಂಟೆ, ಮಲಗುವುದು ನೀರಿನಾಚೆ ಮೆಸ್ತ್ರೆಯಲ್ಲಿ. ರಾತ್ರಿ ಊಟಕ್ಕೆ ಭಾರತೀಯ ಹೋಟೆಲು. ತಿಥಿ ಹೇಳದೆ ಬರುವವನೇ ಅತಿಥಿ ಎಂದು ನಮ್ಮಲ್ಲಿ ಪದ ಬಿಡಿಸಿ ಹೇಳುವುದುಂಟು. ಇಲ್ಲಿ ಬರುವ ಗಳಿಗೆ, ಹೊರಡುವ ಗಳಿಗೆ ಎರಡೂ ಅಚ್ಚಾಗಿವೆ. ಹಡಗಿನವನಾಗಲಿ ಬಸ್ಸಿನವನಾಗಲಿ ಆ ಊರಿಗೆ ಅತಿಥಿಯಲ್ಲ. ಇಬ್ಬರಿಗೂ ಆತಿಥ್ಯ ಕೊಡುವವರು ಯಾರೆಂಬುದು ಕರಪತ್ರದಲ್ಲಿಲ್ಲ.

ಇದನ್ನು ಹೇಳುತ್ತಿದ್ದಾಗ ಅಮ್ಮ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. "ಹಡಗಾದ್ರೆ ಒಂದೇ ಸಲ ಪೆಟ್ಟಿಗೆ ಬಿಚ್ಚಿದ್ರೆ ಸಾಕಲ್ವೇನೇ?" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಹೇಳದೆ ಕೇಳದೆ ಬಂದೋರಿಗೆಲ್ಲ ಮೂವತ್ತು ವರ್ಷ ಬೇಯಿಸಿ ಹಾಕಿದೀನಿ. ನಾನು ಯಾರ ಮನೇಲಿ ಅತಿಥಿ ಆಗಿದ್ದೆ, ಹೇಳು?"

ನನ್ನ ಹತ್ತಿರ ಉತ್ತರವಿರಲಿಲ್ಲ. ನೆಂಟರ ಮನೆಗೆ ಹೋದರೂ ಅಮ್ಮ ಹತ್ತು ನಿಮಿಷದಲ್ಲಿ ಅಡುಗೆಮನೆ ಸೇರಿರುತ್ತಿದ್ದರು. ಊರನ್ನು ನಡೆದೇ ನೋಡಬೇಕು, ನಿಧಾನವಾಗಿ ನೋಡಬೇಕು ಎಂಬ ನನ್ನ ಆದರ್ಶಕ್ಕೆ ಗಟ್ಟಿ ಮಂಡಿ ಬೇಕು, ಬಿಡುವು ಬೇಕು. ನನಗೆ ಆ ಬಿಡುವು ಸಿಕ್ಕಿದ್ದು ಅಮ್ಮನ ಮಂಡಿ ಸವೆದದ್ದರಿಂದಲೇ.

ಹಾಗೆಂದು ನನ್ನ ಆಕ್ಷೇಪ ಕರಗಲಿಲ್ಲ. ಅಮ್ಮನ ವಿಶ್ರಾಂತಿಯನ್ನು ಯಾರಾದರೂ ದುಡಿದೇ ಕೊಡಬೇಕು. ಎಷ್ಟೋ ಕ್ರೂಸ್ ಹಡಗುಗಳು ಬಹಾಮಾಸ್, ಪನಾಮಾಗಳಲ್ಲಿ ನೋಂದಾಯಿತವಾಗಿವೆ, ಅಲ್ಲಿ ದುಡಿಯುವವರಲ್ಲಿ ಅನೇಕರು ಫಿಲಿಪೀನ್ಸ್, ಇಂಡೋನೇಷ್ಯಾ, ನಮ್ಮ ದೇಶದವರು. ಕಡಲ ಕಾರ್ಮಿಕರ 2006ರ ಅಂತರರಾಷ್ಟ್ರೀಯ ಒಪ್ಪಂದವೇ ವಾರಕ್ಕೆ 72 ಗಂಟೆಗಳ ದುಡಿಮೆಗೆ ಅವಕಾಶ ಕೊಡುತ್ತದೆ. ಮನೆಗೆ ಮರಳುವುದು ಎಷ್ಟೋ ತಿಂಗಳಾದ ಮೇಲೆ. ಅಮ್ಮನಿಗೆ ಇದನ್ನೂ ಹೇಳಿದೆ. ಅವರು ಅಲ್ಲಗಳೆಯಲಿಲ್ಲ. "ಬಸ್ ಓಡ್ಸೋನು, ಹೋಟೆಲಲ್ಲಿ ಹಾಸಿಗೆ ಕೊಡವೋಳು, ಅವರಿಗೂ ಮನೆ ಇರುತ್ತಲ್ಲ?" ಎಂದು ಕೇಳಿದರು.

ಆಗ ನನಗೆ ಹೊಳೆದದ್ದು ಇಷ್ಟು: ನಾನು ಹುಡುಕುತ್ತಿದ್ದದ್ದು ಒಳ್ಳೆಯ ಪ್ರವಾಸವನ್ನಲ್ಲ, ಸಾಲವೇ ಇಲ್ಲದ ಪ್ರವಾಸವನ್ನು. ಅಂಥದ್ದು ಇಲ್ಲ. ದಣಿದವರಿಗೆ ವಿಶ್ರಾಂತಿಯ ಹಕ್ಕಿದೆ, ಆದರೆ ಆ ಹಕ್ಕು ಇನ್ನೊಬ್ಬರ ದಣಿವಿನ ಋಣವನ್ನು ಅಳಿಸುವುದಿಲ್ಲ. ಎರಡೂ ಒಟ್ಟಿಗೇ ನಿಜ. ಕೈ ಶುದ್ಧವಾಗಿ ಕಾಣುವ ವಾಹನವನ್ನು ಆರಿಸಿಕೊಂಡು ಋಣ ಮರೆಯುವುದಕ್ಕಿಂತ, ಋಣವಿದೆಯೆಂದು ಗೊತ್ತಿದ್ದು ಕೂರುವುದು ಮೇಲು. ಊರಿಗೆ ಸಲ್ಲಬೇಕಾದ್ದನ್ನು ಊರಿಗೆ, ದುಡಿದವರಿಗೆ ಸಲ್ಲಬೇಕಾದ್ದನ್ನು ದುಡಿದವರಿಗೆ, ನಮ್ಮ ಕೈಲಾದಷ್ಟು.

ಹಡಗಿಗೇ ದುಡ್ಡು ಕಟ್ಟಿದೆವು. ಅದು ಹೊರಡುವುದು ರವೆನ್ನಾದಿಂದ. ಅದಕ್ಕೂ ಮೊದಲು ವೆನಿಸ್‌ನ ಹಳೆಯ ನಗರದಲ್ಲಿ, ದೋಣಿ ನಿಲ್ದಾಣದ ಹತ್ತಿರ, ಎರಡು ರಾತ್ರಿ ಸೇರಿಸಿದೆ. ಅಮ್ಮ ರಸೀದಿ ನೋಡಿ ನಕ್ಕರು. "ಈ ಎರಡು ರಾತ್ರಿ ನಿನ್ನ ಸಮಾಧಾನಕ್ಕೆ, ಅಲ್ವಾ?"

ಹೌದು ಅಂದೆ.