ನಕ್ಷತ್ರದ ಎಣಿಕೆ

ಅಮೆರಿಕದ ಕಾಲೇಜುಗಳಲ್ಲಿ ಫುಟ್‌ಬಾಲ್ ಆಡಲಿರುವ ಹುಡುಗರಿಗೆ (ಹೆಸರು ಕಾಲಿನದಾದರೂ ಅದು ಹೆಚ್ಚಾಗಿ ಕೈಯ ಆಟ) ಪ್ರೌಢಶಾಲೆಯಲ್ಲಿರುವಾಗಲೇ ಪರಿಣತರು ಐದರವರೆಗೆ ನಕ್ಷತ್ರಗಳನ್ನಿತ್ತು ಭವಿಷ್ಯ ನುಡಿಯುವುದುಂಟು. ಈ ಎಣಿಕೆ ಬರಿಯ ಹುಸಿಯೆಂದು ನಾವು ಹೇಳಲಾರೆವು. ಗುಂಪಿನ ಲೆಕ್ಕದಲ್ಲಿ ಐದು ನಕ್ಷತ್ರದವರೇ ಹೆಚ್ಚಾಗಿ ಮುಂದೆ ಬರುತ್ತಾರೆ. ಆದರೆ ಎರಡೇ ನಕ್ಷತ್ರ ಪಡೆದಿದ್ದ ಜೆ. ಜೆ. ವಾಟ್ ಮುಂದೆ ವೃತ್ತಿಪರ ಆಟದಲ್ಲಿ 3 ಬಾರಿ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರನೆನಿಸಿದನು.

ಅಷ್ಟು ದೂರವೇಕೆ? ನಮಗೆ ಸಮೀಪದ ಮೈಸೂರಿನಲ್ಲಿ ಹುಟ್ಟಿದ ಬಿ. ಎಸ್. ಚಂದ್ರಶೇಖರರ ಬಲಗೈ ಬಾಲ್ಯದ ಪೋಲಿಯೋದಿಂದ ಸೊರಗಿತ್ತು. ಅದನ್ನು ಕಂಡು ಯಾವ ಪರೀಕ್ಷಕನು ನಕ್ಷತ್ರ ಕೊಟ್ಟಾನು? 1971ರಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ಅದೇ ಕೈ 38 ಓಟಗಳಿಗೆ 6 ವಿಕೆಟ್ ಕಿತ್ತು, ಇಂಗ್ಲೆಂಡನ್ನು 101ಕ್ಕೆ ಉರುಳಿಸಿತು.

ನಮ್ಮನ್ನು ಕಾಡುವುದು ಇನ್ನೊಂದು. ನಕ್ಷತ್ರ ಪಡೆದವನಿಗೆ ಒಳ್ಳೆಯ ಗುರು, ಹೆಚ್ಚು ಅವಕಾಶ, ತಪ್ಪಿದರೆ ಕ್ಷಮೆ. ಬಳಿಕ ಅವನು ಗೆದ್ದರೆ, ಆ ಗೆಲವು ನಾವು ಮೊದಲೇ ಕಂಡದ್ದೋ, ನಾವೇ ಮಾಡಿಕೊಟ್ಟದ್ದೋ? ತಿಗನಾರೆಯ ಬಯಲಿನಲ್ಲಿ ಗಟ್ಟಿಮುಟ್ಟಾದ ಹುಡುಗನಿಗೇ ಮೊದಲು ಚೆಂಡು ಕೊಡುವ ನಾವು, ಅಂಚಿನಲ್ಲಿ ನಿಂತವನು ಆಡಲಾರನೆಂದು ಹೇಗೆ ತಿಳಿದೆವು? ಅವನ ಕೈಗೆ ಚೆಂಡು ಒಮ್ಮೆಯೂ ಹೋಗಿರಲಿಲ್ಲ.