ಸಂಕಟದ ಕಥೆ, ಹಿರಿಯರ ಸಾಕ್ಷಿ

ಮನಸ್ಸಿನ ಸಂಕಟವನ್ನು ಮನುಷ್ಯನ ಒಳಗಿನ ಕೊರತೆ ಎಂದು ಕಾಣದೆ, ಅವನ ಬದುಕಿನ ಬಗ್ಗೆ ಅವನೂ ಸುತ್ತಲಿನವರೂ ಹೇಳಿಕೊಂಡು ಬಂದ ಕಥೆಯಲ್ಲಿ ಅದನ್ನು ಹುಡುಕುವ ಆಪ್ತಸಮಾಲೋಚನೆಗೆ ಕಥನ ಚಿಕಿತ್ಸೆ ಎಂದು ಹೆಸರು. ಆಸ್ಟ್ರೇಲಿಯಾದ ಮೈಕೇಲ್ ವೈಟ್ ಮತ್ತು ನ್ಯೂಜಿಲೆಂಡಿನ ಡೇವಿಡ್ ಎಪ್‌ಸ್ಟನ್ 1980ರ ದಶಕದಲ್ಲಿ ಇದನ್ನು ರೂಪಿಸಿದರು. 1990ರಲ್ಲಿ ಇಬ್ಬರೂ ಸೇರಿ ಬರೆದ ಪುಸ್ತಕದಿಂದ ಅದು ಹೊರಜಗತ್ತಿಗೆ ಪರಿಚಯವಾಯಿತು. ಈ ಚಿಕಿತ್ಸೆಯಲ್ಲಿ ಕುಡಿಯುವವನನ್ನು ಕುಡುಕ ಎಂದು ಕರೆದು ಮುಗಿಸುವುದಿಲ್ಲ. ಕುಡಿತ ಅವನ ಮನೆಗೆ ಯಾವಾಗ ಬಂತು, ಅವನಿಂದ ಏನೇನು ಕಿತ್ತುಕೊಂಡಿತು, ಯಾವ ದಿನ ಅದರ ಆಟ ನಡೆಯಲಿಲ್ಲ ಎಂದು ಕೇಳುತ್ತಾರೆ. ಆಟ ನಡೆಯದ ಆ ಒಂದು ದಿನವನ್ನು ಹಿಡಿದು, ಅವನು ಯಾವುದಕ್ಕೆ ಬೆಲೆ ಕೊಡುತ್ತಾನೆ, ಅದನ್ನು ಯಾರಿಂದ ಕಲಿತ ಎಂದು ಮುಂದೆ ವಿಚಾರಿಸುತ್ತಾರೆ. ಬೇರೊಂದು ಕಥೆ ಅಲ್ಲಿಂದ ತೆರೆದುಕೊಳ್ಳುತ್ತದೆ.

ಈ ವಿಧಾನ ಆಸ್ಟ್ರೇಲಿಯಾದ ಮೂಲನಿವಾಸಿಗಳಾದ ಅಬಾರಿಜಿನಲ್ ಜನರ ಕೈಗೆ ಹೋದಾಗ ಅದಕ್ಕೆ ಎರಡನೆಯ ಹುಟ್ಟು ದೊರೆಯಿತು. ಆಸ್ಟ್ರೇಲಿಯಾದ ಪೊಲೀಸ್ ಠಾಣೆ ಮತ್ತು ಜೈಲುಗಳಲ್ಲಿ ಸತ್ತ ಅಬಾರಿಜಿನಲ್ ಜನರ ಬಗ್ಗೆ 1987ರಲ್ಲಿ ನೇಮಕವಾದ ರಾಯಲ್ ಕಮಿಷನ್ 99 ಸಾವುಗಳನ್ನು ತನಿಖೆ ಮಾಡಿ 1991ರಲ್ಲಿ ವರದಿ ಕೊಟ್ಟಿತು. ಸತ್ತವರ ಮನೆಯವರ ದುಃಖಕ್ಕೆ ವರದಿಯಲ್ಲಿ ಮದ್ದಿರಲಿಲ್ಲ. ದಕ್ಷಿಣ ಆಸ್ಟ್ರೇಲಿಯಾದ ಆ ಕುಟುಂಬಗಳು ಕ್ಯಾಂಪ್ ಕೂರಾಂಗ್ ಎಂಬಲ್ಲಿ ಒಟ್ಟಿಗೆ ಉಳಿದು, ತಮ್ಮವರ ಬಗ್ಗೆ ತಾವೇ ಮಾತಾಡಿದವು. ಒಂದು ಗುಂಪು ಹೇಳುವುದು, ಇನ್ನೊಂದು ಗುಂಪು ಕೇಳಿ ತಮಗೆ ಏನು ನಾಟಿತು ಎಂದು ತಿರುಗಿ ಹೇಳುವುದು. ಹೀಗೆ ಮಾತು ನಡೆಯಿತು. 1995ರಲ್ಲಿ ಅದರ ದಾಖಲೆ ಪ್ರಕಟವಾಯಿತು. ಆರೋಗ್ಯ ಕಾರ್ಯಕರ್ತೆ ಬಾರ್ಬರಾ ವಿಂಗಾರ್ಡ್ ಇದೇ ದಾರಿಯಲ್ಲಿ ಸಕ್ಕರೆ ಕಾಯಿಲೆಗೆ ಒಂದು ವೇಷ ಕೊಟ್ಟರು. ಸಭೆಯಲ್ಲಿ ಒಬ್ಬರು 'ಸಕ್ಕರೆ'ಯಾಗಿ ಕೂರುತ್ತಾರೆ. ಜನ ಅದನ್ನು ಪ್ರಶ್ನಿಸುತ್ತಾರೆ: ನಮ್ಮ ಮನೆಗಳಿಗೆ ಹೇಗೆ ನುಗ್ಗಿದೆ, ನಿನಗೆ ಯಾವುದು ಕಂಡರೆ ಭಯ. ತನ್ನ ತಪ್ಪಿನಿಂದಲೇ ರೋಗ ಬಂತೆಂಬ ನಾಚಿಕೆಯಿಂದ ಬಾಯಿ ಕಟ್ಟಿಕೊಂಡವರು ಇಂಥ ಸಭೆಯಲ್ಲಿ ಬಾಯಿ ಬಿಡಬಲ್ಲರು.

ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಓದುಗರಿಗೆ ಇದು ಪೂರ್ತಿ ಹೊಸತೆನಿಸಲಾರದು. ಮಗುವಿನ ಮೈಮೇಲೆ ಗುಳ್ಳೆ ಎದ್ದರೆ ಅಮ್ಮ ಬಂದಿದ್ದಾಳೆ ಎನ್ನುವ ನಂಬಿಕೆ ಇಲ್ಲಿ ಬಹಳ ಹಳೆಯದು. ಹಾಗೆಂದ ಕ್ಷಣದಿಂದ ಮನೆಯ ನಡವಳಿಕೆ ಬದಲಾಗುತ್ತದೆ. ಬೇವಿನ ಸೊಪ್ಪು ಹಾಸಿಗೆಯ ಬಳಿ ಬರುತ್ತದೆ, ಒಗ್ಗರಣೆಯ ಚುರುಗುಟ್ಟುವಿಕೆ ನಿಲ್ಲುತ್ತದೆ, ಯಾರೂ ದನಿ ಎತ್ತಿ ಬೈಯುವಂತಿಲ್ಲ. ಜ್ವರದ ಮಗು ಆ ಹೊತ್ತಿಗೆ ದೇವಿ ಇಳಿದ ತಾಣ, ಅದನ್ನು ಗದರುವವರಿಲ್ಲ. ಗುಳ್ಳೆ ಬಾಡಿದ ಮೇಲೆ ಮೊಸರನ್ನದ ಎಡೆ ಇಟ್ಟು ಅಮ್ಮನನ್ನು ಕಳಿಸಿಕೊಡುತ್ತಾರೆ. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬಾ ಜಾತ್ರೆ ಇದೇ ತಿಳಿವಳಿಕೆಯ ಊರಗಲದ ರೂಪ. ಮಾರಿಯನ್ನು ಊರ ನಡುವೆ ಕೂರಿಸಿ, ಆದರಿಸಿ, ಗಡಿಯಾಚೆ ದಾಟಿಸುವ ಕ್ರಮದಲ್ಲಿ ರೋಗವೂ ಮನುಷ್ಯನೂ ಬೇರೆ ಬೇರೆ ಎಂಬ ವಿಚಾರ ಅಡಗಿದೆ. ವೈಟ್ ಮತ್ತು ಎಪ್‌ಸ್ಟನ್ ಸಮಾಲೋಚನೆಯ ಕೋಣೆಯಲ್ಲಿ ಕಂಡುಕೊಂಡದ್ದನ್ನು ಮಲೆನಾಡಿನ ಅಡುಗೆಮನೆಗಳು ಅದಕ್ಕೆ ಬಹಳ ಮುಂಚೆಯೇ ಆಚರಿಸುತ್ತಿದ್ದವು. ಆದರೆ ಆ ಆಚರಣೆ ಸಿಡುಬನ್ನು ತಡೆಯಲಿಲ್ಲ; ತಡೆದದ್ದು ಲಸಿಕೆ. ಆಚರಣೆ ಕಾಪಾಡಿದ್ದು ರೋಗಿಯ ಮಾನವನ್ನು. ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಹಚ್ಚಬಾರದು.

ಇಷ್ಟಕ್ಕೇ ಬೀಗುವಂತಿಲ್ಲ. ಸಂಕಟವನ್ನು ಮನುಷ್ಯನಿಂದ ಹೊರಗಿಡುವ ಇದೇ ತಿಳಿವಳಿಕೆ ಹಳ್ಳಿಗಳಲ್ಲಿ ಕ್ರೂರವೂ ಆಗಿದೆ. ಮನೆಯಲ್ಲಿ ಒಬ್ಬರಿಗೆ ನಿದ್ದೆ ಕೆಟ್ಟರೆ, ನೋಟ ಕೇಳಲು ಹೋದಲ್ಲಿ ದಾಯಾದಿಯ ಮಾಟ ಎಂಬ ಉತ್ತರ ಸಿಕ್ಕರೆ, ಒಬ್ಬರ ನೋವು ಎರಡು ಮನೆಗಳ ಹಗೆಯಾಗುತ್ತದೆ. ಚೌಡಿ ಹಿಡಿದಿದೆ ಎಂದು ಹೆಂಗಸಿನ ಜುಟ್ಟು ಹಿಡಿದು ಬಡಿಯುವಾಗ ಏಟು ಬೀಳುವುದು ಅವಳ ಮೈಮೇಲೆಯೇ. ವಿಧವೆಯ ಕಾಲ್ಗುಣ ಎಂಬ ಮಾತಿನಲ್ಲಿ ಹೊರಗಿಟ್ಟ ಸಮಸ್ಯೆ ಇನ್ನೊಬ್ಬಳ ಹೆಗಲೇರುತ್ತದೆ. ಕಥನ ಚಿಕಿತ್ಸೆ ಇಲ್ಲಿ ಸ್ಪಷ್ಟವಾದ ಗೆರೆ ಎಳೆಯುತ್ತದೆ: ಸಮಸ್ಯೆ ಒಬ್ಬನ ಮೈಯಿಂದ ಇಳಿದು ಮತ್ತೊಬ್ಬನ ಮೈಗೆ ಹತ್ತಕೂಡದು. ಅದು ಬಡತನ, ಬೇಲಿ ಹಾಕಿದ ಭೂಮಿ, ಜಾತಿಯ ಅವಮಾನ, ಗಂಡಸು ಹೀಗೇ ಇರಬೇಕೆಂಬ ಕಟ್ಟಳೆ ಇವುಗಳ ಕಡೆ ಬೊಟ್ಟು ಮಾಡುತ್ತದೆ. ನೆರೆಮನೆಯ ಮುದುಕಿಯ ಕಡೆಗಲ್ಲ. ಸ್ಥಳೀಯ ನಂಬಿಕೆ ಕಂಡಲ್ಲೆಲ್ಲ ಕೈಮುಗಿಯುವ ಇತ್ತೀಚಿನ ಉತ್ಸಾಹಿಗಳು ಈ ಗೆರೆಯನ್ನು ಮರೆಯುವುದು ಅಪಾಯಕಾರಿ. ನಂಬಿಕೆಯ ತಾಣಗಳಿಂದ ಏನೂ ಪ್ರಯೋಜನವಿಲ್ಲ ಎಂದೂ ಹೇಳಲಾಗದು. ಬೆಂಗಳೂರಿನ ನಿಮ್ಹಾನ್ಸ್‌ನ ಮನೋವೈದ್ಯ ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಮುತ್ತುಸ್ವಾಮಿ ಗುಡಿಯಲ್ಲಿ ಉಳಿದಿದ್ದ 31 ರೋಗಿಗಳನ್ನು ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರೋಗಲಕ್ಷಣಗಳು ಸುಮಾರು ಶೇಕಡಾ 20ರಷ್ಟು ಇಳಿದಿದ್ದವು. ಅಲ್ಲಿ ಬಡಿತವಿರಲಿಲ್ಲ, ಕೂಡಿ ಇರುವುದಕ್ಕೆ ಜಾಗವೂ ಮಾಡಲು ಸಣ್ಣಪುಟ್ಟ ಕೆಲಸವೂ ಇದ್ದವು.

ಸಂಕಟವನ್ನು ಮನುಷ್ಯನಿಂದ ಬೇರೆ ಮಾಡಿ ನೋಡುವುದರ ಹಿಂದಿನ ತಾತ್ವಿಕ ಪ್ರಶ್ನೆ ಈ ಸೀಮೆಗೆ ಅಪರಿಚಿತವಲ್ಲ. ಶಿರಸಿ ಹತ್ತಿರದ ಸೋಂದೆಯಲ್ಲಿ ಅದ್ವೈತ ಪರಂಪರೆಯ ಸ್ವರ್ಣವಲ್ಲಿ ಮಠವೂ ದ್ವೈತದ ವಾದಿರಾಜ ಮಠವೂ ಇವೆ. ಶಂಕರರು ಬ್ರಹ್ಮಸೂತ್ರಭಾಷ್ಯದ ಮೊದಲಿಗೇ ಎತ್ತಿಕೊಳ್ಳುವ ವಿಷಯ ಅಧ್ಯಾಸ: ದೇಹದ, ಇಂದ್ರಿಯದ, ಮನಸ್ಸಿನ ಧರ್ಮಗಳನ್ನು ಆತ್ಮದ ಮೇಲೆ ಹೊರಿಸಿ, ನಾನು ದಪ್ಪ, ನಾನು ಕುರುಡ ಎಂದು ಮನುಷ್ಯ ವ್ಯವಹರಿಸುತ್ತಾನೆ ಎಂಬುದು ಅವರ ವಿವರಣೆ. ನಾನೊಬ್ಬ ಕೆಲಸಕ್ಕೆ ಬಾರದವನು ಎಂಬ ಮಾತೂ ಅಂಥ ಹೊರಿಕೆಯೇ. ಇಲ್ಲಿಯವರೆಗೆ ಅದ್ವೈತಿಯೂ ಕಥನ ಚಿಕಿತ್ಸಕನೂ ಜೊತೆಗೆ ನಡೆಯಬಲ್ಲರು. ಮುಂದೆ ದಾರಿ ಕವಲೊಡೆಯುತ್ತದೆ. ಅದ್ವೈತ ಎಲ್ಲ ಹೊರಿಕೆಗಳನ್ನೂ ಕಳಚಿ, ಯಾವ ಕಥೆಯೂ ಅಂಟದ ಸಾಕ್ಷಿಯತ್ತ ಕರೆದೊಯ್ಯುತ್ತದೆ. ಕಥನ ಚಿಕಿತ್ಸೆ ಕಥೆಗಳ ನಡುವೆಯೇ ಉಳಿದು, ಹೊರಿಸಿದ್ದನ್ನು ಇಳಿಸಿ ತನ್ನದನ್ನು ಕಟ್ಟಿಕೊಳ್ಳಲು ಹೇಳುತ್ತದೆ. ಅಬಾರಿಜಿನಲ್ ಸಮಾಲೋಚಕರು ಮೂರನೆಯ ಮಾತೊಂದನ್ನು ಸೇರಿಸುತ್ತಾರೆ: ಆ 'ತನ್ನದು' ಒಬ್ಬನದಲ್ಲ. ಅದು ಕುಲದ್ದು, ಸತ್ತ ಹಿರಿಯರದು, ಹುಟ್ಟಿದ ನೆಲದ್ದು. ಒಬ್ಬನ ಕಥೆ ನೇರ್ಪಾಗಬೇಕಾದರೆ ಅವರೆಲ್ಲರ ಸಾಕ್ಷಿ ಬೇಕು. ಈ ಮೂರನೆಯ ಮಾತೇ ಹೆಚ್ಚು ಗಟ್ಟಿಯಾದದ್ದು. ಯಲ್ಲಾಪುರದ ಕಾಡುಗಳಲ್ಲಿ ಅದಕ್ಕೆ ಆಧಾರ ಸಿಗುತ್ತದೆ.

ಯಲ್ಲಾಪುರ, ಹಳಿಯಾಳ, ಅಂಕೋಲೆ, ಶಿರಸಿ ತಾಲ್ಲೂಕುಗಳಲ್ಲಿ ನೆಲೆಸಿರುವ ಸಿದ್ದಿಗಳ ಪೂರ್ವಿಕರನ್ನು ಹೆಚ್ಚಾಗಿ ಪೋರ್ಚುಗೀಸರು ಆಫ್ರಿಕಾದ ಪೂರ್ವ ತೀರದಿಂದ ಗುಲಾಮರನ್ನಾಗಿ ಗೋವೆಗೆ ತಂದರು. ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡು ಸೇರಿದರು. ಇಂದು ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರಿದ್ದಾರೆ. ಅವರ ಕಥೆಯನ್ನು ಬಹುಕಾಲ ಹೇಳಿದವರು ಬೇರೆಯವರು. ಒಡೆಯರ ಮನೆಯ ಲೆಕ್ಕದಲ್ಲಿ ಅವರು ಆಳುಗಳು. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಕೊಡತೊಡಗಿದಾಗ ಅವರು ಆಫ್ರಿಕಾದ ದೇಹಬಲದ ಜನ. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತು, ಮಕ್ಕಳು ಮನೆಗೆ ಮರಳಿದರು. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ. ಆಳು, ಬಲಿಷ್ಠ, ಹಿಂದುಳಿದವ: ಮೂರೂ ಹೊರಗಿನಿಂದ ಬಂದ ತೆಳು ಕಥೆಗಳು. ದಯೆಯಿಂದ ಹೇಳಿದ ಕಥೆ ಕೂಡ ತೆಳುವಾಗಿರಬಹುದು.

ದಪ್ಪನೆಯ ಕಥೆ ಅವರ ಮನೆಯೊಳಗಿದೆ. ಮನೆಯ ಒಂದು ಮೂಲೆ ಹಿರಿಯರದು; ತೆಂಗಿನಕಾಯಿ ಇಟ್ಟು ಸತ್ತವರನ್ನು ಪೂಜಿಸುತ್ತಾರೆ. ಹಬ್ಬದ ದಿನ ಎಡೆ ಬಡಿಸಿದಾಗ ಹಿರಿಯರು ಒಬ್ಬರ ಮೈಮೇಲೆ ಬಂದು ಮಾತಾಡುವುದುಂಟು: ಯಾರು ಯಾರೊಡನೆ ಮಾತು ಬಿಟ್ಟಿದ್ದಾರೆ, ಯಾವ ಹರಕೆ ಬಾಕಿ ಇದೆ, ಯಾರನ್ನು ಸರಿಯಾಗಿ ನೋಡಿಕೊಳ್ಳುತ್ತಿಲ್ಲ. ಯಲ್ಲಾಪುರ ಸೀಮೆಯ ಸಿದ್ದಿನಾಸ ದೇವರ ಬಳಿ ಮೂರೂ ಧರ್ಮದ ಸಿದ್ದಿಗಳು ಸೇರುತ್ತಾರೆ. ಡಮಾಮಿ ಎಂಬ ವಾದ್ಯ ಬಾರಿಸಿ ಕುಣಿಯುತ್ತಾರೆ. ಮತಾಂತರಗಳು ಬೇರೆ ಮಾಡಿದ ಬಳಗವನ್ನು ಹಿರಿಯರು ಕೂಡಿಸುತ್ತಾರೆ. ಮೈಕೇಲ್ ವೈಟ್ 1988ರಲ್ಲಿ ಬರೆದ ಲೇಖನವೊಂದರಲ್ಲಿ, ಸತ್ತವರನ್ನು ಬೀಳ್ಕೊಟ್ಟು ಮರೆಯಬೇಕೆಂಬ ಆಗಿನ ವಾಡಿಕೆಯನ್ನು ಬಿಟ್ಟು, ಅವರೊಡನೆ ಮತ್ತೆ ಮಾತು ಆರಂಭಿಸಬೇಕು, ಅವರ ಕಣ್ಣಿಂದ ತನ್ನನ್ನು ನೋಡಿಕೊಳ್ಳಬೇಕು ಎಂದು ವಾದಿಸಿದರು. ಪಶ್ಚಿಮದ ಮನಶ್ಶಾಸ್ತ್ರಕ್ಕೆ ಆಗ ಅದು ದಿಟ್ಟ ಮಾತು. ಹಿರಿಯರಿಗೆ ವರ್ಷವರ್ಷ ಎಡೆ ಇಡುವ ಮನೆಗೆ ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಸಿದ್ದಿ ಹೆಂಗಸರು ಹೊಲಿಯುವ ಕೌದಿಯನ್ನೂ ಹತ್ತಿರದಿಂದ ನೋಡಬೇಕು. ಹಳೆಯ ಸೀರೆಯನ್ನು ಅಡಿಗೆ ಹಾಸಿ, ಮನೆಯವರ ಉಟ್ಟು ಸವೆದ ಬಟ್ಟೆಯ ತುಂಡುಗಳನ್ನು ಒಂದು ಮೂಲೆಯಿಂದ ಅಂಚುಗುಂಟ ಜೋಡಿಸುತ್ತ, ಸುತ್ತು ಹಾಕುತ್ತ ನಡುವಿಗೆ ಬರುತ್ತಾರೆ. ಓಡುಹೊಲಿಗೆಯ ಸಾಲು ಎಲ್ಲ ತುಂಡುಗಳನ್ನೂ ಹಿಡಿಯುತ್ತದೆ. ಕೊನೆಗೆ ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ತ್ರಿಕೋನಗಳನ್ನು ಹೂವಾಗಿ ಹಚ್ಚುತ್ತಾರೆ. ಹೂವಿಲ್ಲದ ಕೌದಿ ಬೆತ್ತಲೆ ಎಂದು ಅವರ ಭಾವನೆ. ಅಂಥ ಕೌದಿಯನ್ನು ಮಡಿಲಲ್ಲಿಟ್ಟುಕೊಂಡು ಈ ತುಂಡು ಯಾರದು ಎಂದು ಕೇಳಿದರೆ ಸಾಕು, ಪ್ರಶ್ನಾವಳಿ ಹಿಡಿದು ಹೋದವನಿಗೆ ಎಂದೂ ಸಿಗದ ಸಂಗತಿಗಳು ಹೊರಬರುತ್ತವೆ. ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿಯಲ್ಲಿ ಇನ್ನೊಂದು ಬಗೆಯ ಹೇಳಿಕೆ ನಡೆದಿತ್ತು. 1980ರ ದಶಕದಲ್ಲಿ ನೀನಾಸಂ ರಂಗಸಂಸ್ಥೆಯ ಚಿದಂಬರರಾವ್ ಜಂಬೆ ನೈಜೀರಿಯಾದ ಚಿನುವ ಅಚೆಬೆಯ ಕಾದಂಬರಿಯನ್ನು ಆಧರಿಸಿದ 'ಕಪ್ಪು ಜನ ಕೆಂಪು ನೆರಳು' ನಾಟಕವನ್ನು ಸಿದ್ದಿ ನಟರಿಂದ ಆಡಿಸಿದರು. ಅದನ್ನು ಯಾರೂ ಚಿಕಿತ್ಸೆ ಎನ್ನಲಿಲ್ಲ. ಆದರೂ ಬೇರೆಯವರ ಕಥೆಯಲ್ಲಿ ಮೂಲೆ ಸೇರಿದ್ದ ಜನ ನಡುರಂಗಕ್ಕೆ ಬಂದು, ಊರಿನವರನ್ನು ಕೇಳುಗರನ್ನಾಗಿ ಕೂರಿಸಿದ್ದು ಸಣ್ಣ ಮಾತಲ್ಲ. ಅಂಕೋಲೆ ಸೀಮೆಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ ಸಾರಾಯಿಯ ವಿರುದ್ಧ ಹೆಂಗಸರನ್ನು ಕೂಡಿಸಿದಾಗಲೂ ಹೀಗೆಯೇ ಆಯಿತು: ಮನೆಮನೆಯ ಗುಟ್ಟಾಗಿದ್ದ ನೋವು ಊರ ನಡುವೆ ನಿಂತು ಸಾರಾಯಿಗೇ ಎದುರಾಯಿತು.

ಹಾಗಾದರೆ ಕಲಿಯುವವನು ಯಾರು, ಕಲಿಸುವವರು ಯಾರು? ನ್ಯೂಜಿಲೆಂಡಿನ ಲೋವರ್ ಹಟ್ ಪಟ್ಟಣದ ಫ್ಯಾಮಿಲಿ ಸೆಂಟರ್ ಇದಕ್ಕೆ ವ್ಯವಸ್ಥೆಯೊಂದನ್ನು ಮಾಡಿಕೊಂಡಿತು. ಅಲ್ಲಿ ಮಾವೊರಿ, ಸಮೋವಾ ಮತ್ತು ಬಿಳಿಯ ಸಮಾಲೋಚಕರು ಒಟ್ಟಿಗೆ ದುಡಿದರು. ಮಾವೊರಿ ಕುಟುಂಬದ ವಿಷಯದಲ್ಲಿ ಬಿಳಿಯರು ಮಾವೊರಿ ಸಹೋದ್ಯೋಗಿಗಳಿಗೆ, ಹೆಂಗಸರ ವಿಷಯದಲ್ಲಿ ಗಂಡಸರು ಹೆಂಗಸರಿಗೆ ಉತ್ತರ ಕೊಡಬೇಕಿತ್ತು. ಓದು, ಪದವಿ, ಅನುಭವ ಎಷ್ಟಿದ್ದರೂ ಕೊನೆಯ ಮಾತು ಆ ಸಂಸ್ಕೃತಿಯವರದು. ಇದು ಕಥನ ಚಿಕಿತ್ಸೆಯ ತಂತ್ರಗಳಿಗಿಂತ ದೊಡ್ಡ ಪಾಠ, ಪಾಲಿಸುವುದಕ್ಕೆ ಕಷ್ಟವಾದ ಪಾಠವೂ ಹೌದು. ಈ ಸೀಮೆಯ ಮನ್ಮನೆಯಂಥ ಹಳ್ಳಿಗೋ ಮಂಚಿಕೇರಿಯ ಕೇರಿಗೋ ಬರುವ ಆಪ್ತಸಮಾಲೋಚಕನಿಗೆ ಇದನ್ನು ಅನ್ವಯಿಸಿದರೆ, ಮನೆಯವರು ಒಪ್ಪದ ಹೊರತು ಹಿರಿಯರ ಮಾತನ್ನು ಅವನು ಬರೆದುಕೊಳ್ಳುವಂತಿಲ್ಲ. ಬರೆದದ್ದನ್ನು ಮೊದಲು ಅವರಿಗೇ ಓದಿ ಹೇಳಬೇಕು. ಅದು ಯಾವ ಊರಿಗೆ, ಯಾವ ಸಭೆಗೆ ಹೋಗಬಹುದು ಎಂಬುದನ್ನು ಅವರೇ ತೀರ್ಮಾನಿಸಬೇಕು. ಅರಣ್ಯಭೂಮಿ ಅತಿಕ್ರಮಣದ ನೋಟಿಸು ಕೈಯಲ್ಲಿರುವವನ ನಿದ್ದೆಗೇಡನ್ನು ಅರಣ್ಯ ಹಕ್ಕಿನ ಅರ್ಜಿಯಿಂದ ಬಿಡಿಸಿ ನೋಡುವಂತಿಲ್ಲ. ಅಪಸ್ಮಾರಕ್ಕೆ, ಚಿತ್ತವಿಕಲತೆಗೆ ಮಾತ್ರೆ ಬೇಕೇ ಬೇಕು. ತಾಲ್ಲೂಕು ಆಸ್ಪತ್ರೆಯ ದಾರಿಯನ್ನು ಹಿರಿಯರ ಹೆಸರಿನಲ್ಲಿ ಯಾರೂ ಮುಚ್ಚಕೂಡದು.

ತಂತ್ರವೊಂದನ್ನು ಹೊರಗಿನಿಂದ ತರುವಾಗಲೂ ಅದೇ ಎಚ್ಚರ ಬೇಕು. ಜೀವದ ಮರ ಎಂಬ ಅಭ್ಯಾಸ ಈಗ ಹಲವು ದೇಶಗಳ ಮಕ್ಕಳ ಕೇಂದ್ರಗಳಲ್ಲಿದೆ. ಜಿಂಬಾಬ್ವೆಯ ಎನ್ಕಜೆಲೊ ಎನ್ಕುಬೆ ಮತ್ತು ಆಸ್ಟ್ರೇಲಿಯಾದ ಡೇವಿಡ್ ಡೆನ್‌ಬರೊ ಅದನ್ನು ಆಫ್ರಿಕಾದ ದಕ್ಷಿಣ ಭಾಗದಲ್ಲಿ, ತಂದೆತಾಯಿಯನ್ನು ಕಳೆದುಕೊಂಡ ಮಕ್ಕಳಿಗಾಗಿ ಬೆಳೆಸಿದರು. ಮಗು ಮರವೊಂದನ್ನು ಬರೆಯುತ್ತದೆ: ಬೇರಿನಲ್ಲಿ ತಾನು ಬಂದ ಊರು, ಮನೆತನ, ನೆಲದಲ್ಲಿ ದಿನದ ಬದುಕು, ಕಾಂಡದಲ್ಲಿ ತನಗೆ ಬರುವ ವಿದ್ಯೆಗಳು, ಕೊಂಬೆಯಲ್ಲಿ ಆಸೆಗಳು, ಎಲೆಗಳಲ್ಲಿ ಬೇಕಾದವರ ಹೆಸರು. ಕಷ್ಟದ ಮಾತು ಬಿರುಗಾಳಿಯಾಗಿ ಆಮೇಲೆ ಬರುತ್ತದೆ, ಮಗುವಿಗೆ ನಿಲ್ಲಲು ಜಾಗವಾದ ಮೇಲೆ. ಸಿದ್ದಿ ಮಗುವಿನ ಕೈಗೆ ಈ ಹಾಳೆ ಕೊಟ್ಟು ಬೇರಿನಿಂದ ಆರಂಭಿಸು ಎಂದರೆ ಮೊದಲ ಪ್ರಶ್ನೆಗೇ ಅದು ತಡವರಿಸಬಹುದು, ಏಕೆಂದರೆ ಹಡಗು ಹತ್ತಿಸಿದವರು ಆ ಪೂರ್ವಿಕರ ಊರಿನ ಹೆಸರನ್ನು ಉಳಿಸಿಹೋಗಿಲ್ಲ. ಅಲ್ಲಿ ನೆಲದಿಂದ ಆರಂಭಿಸುವುದು ಸರಿ; ಬೇರಿನ ಜಾಗದಲ್ಲಿ ಹಿರಿಯರ ಕಾಯಿಯನ್ನು ಬರೆಯಬೇಕೋ, ಅಜ್ಜಿಯ ಕೌದಿಯನ್ನೋ, ಡಮಾಮಿಯನ್ನೋ ಎಂಬುದನ್ನು ಮಗುವಿನ ಮನೆಯ ಹಿರಿಯರನ್ನೇ ಕೇಳಬೇಕು.